ಪಣಜಿಯಲ್ಲಿ ರಾತ್ರಿ ಊಟದ ದೋಣಿ: ಅಪ್ಪ, ಅವ್ವ, ಮಕ್ಕಳು ಎಲ್ಲರಿಗೂ ಒಪ್ಪುವಂಥದ್ದು ಇದೆಯೇ?

ನರಗುಂದದ ಮಗಳು

ಎಲ್ಲರಿಗೂ ನಮಸ್ಕಾರ. ಫೋಂಡಾಕ್ಕೆ ಬಂದು ಹನ್ನೊಂದು ವರ್ಷವಾಯಿತು. ಮಾಂಡವಿ ಸೇತುವೆಯನ್ನು ಎಷ್ಟು ಸಲ ದಾಟಿದ್ದೇನೋ ಲೆಕ್ಕವಿಲ್ಲ, ಆದರೆ ಆ ನದಿಯಲ್ಲಿ ಒಮ್ಮೆಯೂ ದೋಣಿ ಹತ್ತಿಲ್ಲ. ಈಗ ಹತ್ತುವ ಕಾಲ ಬಂದಿದೆ. ಅಪ್ಪ ಅವ್ವನ ಮದುವೆಗೆ ಐವತ್ತು ವರ್ಷ ತುಂಬುತ್ತದೆ. ಡಿಸೆಂಬರ್ ಕೊನೆಯ ವಾರ ಊರಿನಿಂದ ಎಲ್ಲರೂ ಇಲ್ಲಿಗೆ ಬರುತ್ತಿದ್ದಾರೆ. ನಾವು ಒಟ್ಟು ಎಂಟು ಜನ.

ಊಟ, ಹಾಡು, ಕುಣಿತ ಎಲ್ಲವೂ ಇರುವ ರಾತ್ರಿಯ ದೋಣಿಯನ್ನೇ ಗೊತ್ತುಮಾಡು ಎನ್ನುತ್ತಾನೆ ಅಣ್ಣ. ಅವನ ಇಬ್ಬರು ಗಂಡುಮಕ್ಕಳು ಈಗಾಗಲೇ ಹೆಜ್ಜೆ ಕಲಿಯುತ್ತಿದ್ದಾರಂತೆ. ಅವ್ವ ಮೊಟ್ಟೆಯ ವಾಸನೆ ಬಂದರೂ ತಟ್ಟೆ ಸರಿಸಿ ಏಳುವವಳು. ಅಪ್ಪನಿಗೆ ಎಪ್ಪತ್ತನಾಲ್ಕು, ಬಲ ಮೊಣಕಾಲು ಬಾಗುವುದಿಲ್ಲ, ಕಿವಿಗೆ ಯಂತ್ರ ಹಾಕಿಕೊಂಡಿದ್ದಾನೆ. ಜೋರು ಸದ್ದಿದ್ದರೆ ಆ ಯಂತ್ರ ತೆಗೆದು ಜೇಬಿಗಿಟ್ಟುಕೊಂಡು ಕುಳಿತುಬಿಡುತ್ತಾನೆ. ಆಮೇಲೆ ಅವನಿಗೆ ಬೇಸರವಾಗಿದೆಯೋ ಸಮಾಧಾನವಾಗಿದೆಯೋ ತಿಳಿಯುವುದೇ ಇಲ್ಲ.

ಒಂದು ಗಂಟೆಯ ಸಂಜೆ ದೋಣಿ, ಊಟವಿರುವ ರಾತ್ರಿ ದೋಣಿ, ಎರಡರಲ್ಲಿ ಯಾವುದು? ಯಾವ ಧಕ್ಕೆಯಿಂದ ಹತ್ತಬೇಕು? ಹೋಗಿ ಬಂದವರು ದಯವಿಟ್ಟು ಹೇಳಿ. ಜಾಲತಾಣಗಳಲ್ಲಿ ಐದು ನಕ್ಷತ್ರದ ಹೊಗಳಿಕೆ ಓದಿ ಓದಿ ತಲೆ ಕೆಟ್ಟಿದೆ.

ಪಣಜಿ ಪರದೇಶಿ

ಮೊದಲನೆಯ ಮಾತು: ನೀವು ಹತ್ತುವುದು ವಿಹಾರದ ದೋಣಿಯೋ ಕ್ಯಾಸಿನೋ ಹಡಗೋ ಖಚಿತಪಡಿಸಿಕೊಳ್ಳಿ. ನಗಬೇಡಿ. ನನ್ನ ಷಡ್ಡಕ ನದಿದಂಡೆಯ ರಸ್ತೆಯಲ್ಲಿ ಚೀಟಿ ಹಂಚುವವನ ಮಾತು ಕೇಳಿ, “ಊಟ ಇದೆ, ಹಾಡು ಇದೆ, ನೃತ್ಯ ಇದೆ, ನದಿಯ ಮೇಲೆ” ಎಂದದ್ದನ್ನು ನಂಬಿ ಮುಂಗಡ ಕೊಟ್ಟು ಬಂದಿದ್ದ. ಅದು ಕ್ಯಾಸಿನೋ. ಅವು ನದಿಯಲ್ಲಿ ಲಂಗರು ಹಾಕಿ ನಿಂತಲ್ಲೇ ನಿಂತಿರುತ್ತವೆ. ದಂಡೆಯಿಂದ ಸಣ್ಣ ದೋಣಿಯಲ್ಲಿ ಅಲ್ಲಿಗೆ ಒಯ್ದು ಬಿಡುತ್ತಾರೆ. ಆಡುವ ಕೋಣೆಗೆ ಇಪ್ಪತ್ತೊಂದು ತುಂಬದವರನ್ನು ಬಿಡುವುದಿಲ್ಲ. ಕಾಲೇಜಿಗೆ ಹೋಗುವ ಮಗಳನ್ನು ಕರೆದುಕೊಂಡು ಹೋಗಿ ಬಾಗಿಲಲ್ಲಿ ಜಗಳವಾಡಿಕೊಂಡು ಬಂದರು. ಮುಂಗಡದ ಹಣ ಮಾಂಡವಿಯ ಪಾಲಾಯಿತು.

ಕಾರವಾರದ ಮೀನು

ಷಡ್ಡಕನ ಹೆಸರಿನಲ್ಲಿ ಸ್ವಂತ ಕಥೆ ಹೇಳುವುದು ಹಳೆಯ ಪದ್ಧತಿ 😀

ಪಣಜಿ ಪರದೇಶಿ

ಷಡ್ಡಕನದೇ. ನನಗೆ ಹೆಣ್ಣುಮಕ್ಕಳಿಲ್ಲ.

ಮಡಗಾಂವ್ ಮೇಷ್ಟ್ರು

ಅಕ್ಕ, ಕಾರ್ಯಕ್ರಮದ ಬಗ್ಗೆ ನಾನು ಹೇಳುತ್ತೇನೆ. ಊಟದ ಬಗ್ಗೆ ಬೇರೆಯವರು ಹೇಳಲಿ.

ಸಾಂತಾ ಮೋನಿಕಾ ಧಕ್ಕೆ ಮಾಂಡವಿ ಸೇತುವೆಯ ಬುಡದಲ್ಲಿದೆ. ಗೋವಾ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ್ದು. ಅಲ್ಲಿಂದ ಸಂಜೆ ಒಂದೊಂದು ಗಂಟೆಯ ದೋಣಿಗಳು ಹೊರಡುತ್ತವೆ. ಊಟದ ದೋಣಿ ಕತ್ತಲಾದ ಮೇಲೆ, ಸುಮಾರು ಎರಡು ಗಂಟೆಯದು. ಖಾಸಗಿಯವರದ್ದೂ ಬೇಕಾದಷ್ಟಿವೆ. ವೇಳೆ ಋತುವಿಗೆ ತಕ್ಕಂತೆ ಬದಲಾಗುತ್ತದೆ, ಅಂದಿನ ದಿನ ಕೌಂಟರಿನಲ್ಲಿ ಕೇಳುವುದೇ ಲೇಸು.

ಒಂದು ಗಂಟೆಯ ದೋಣಿಯಲ್ಲೂ ವೇದಿಕೆ ಇರುತ್ತದೆ. ಒಂದು ಜಾನಪದ ನೃತ್ಯ, ನಂತರ ಡಿಜೆ “ಮಕ್ಕಳೆಲ್ಲ ಮೇಲೆ ಬನ್ನಿ” ಎನ್ನುತ್ತಾನೆ. ಇನ್ನೊಂದು ನೃತ್ಯ, ನಂತರ “ದಂಪತಿಗಳು ಬನ್ನಿ”. ಆಮೇಲೆ ಗಂಡಸರ ಸರದಿ, ಹೆಂಗಸರ ಸರದಿ. ಈ ಸರದಿ ಎಷ್ಟು ವರ್ಷದಿಂದ ನಡೆದಿದೆಯೋ ದೇವರಿಗೇ ಗೊತ್ತು. ನಾನು ಶಾಲಾ ಪ್ರವಾಸದಲ್ಲಿ ಮಕ್ಕಳನ್ನು ಆರು ಬಾರಿ ಕರೆದೊಯ್ದಿದ್ದೇನೆ, ಒಮ್ಮೆಯೂ ತಪ್ಪಿಲ್ಲ.

ನೋಡಬೇಕಾದದ್ದು ನೃತ್ಯಗಳು. ಫುಗಡಿ ನಮ್ಮ ಹೆಣ್ಣುಮಕ್ಕಳು ಆಡುವ ಫುಗಡಿಯ ತಂಗಿಯೇ. ಕೊರಿದಿನ್ಯೋ ಪೋರ್ಚುಗೀಸರ ಜೋಡಿ ಕುಣಿತ, ಗಿರಗಿರನೆ ಸುತ್ತುತ್ತಾರೆ. ಕುಣಬಿ ನೃತ್ಯದಲ್ಲಿ ಚೌಕಳಿಯ ಸೀರೆ ಮೊಣಕಾಲಿನವರೆಗೆ ಎತ್ತಿ ಕಟ್ಟಿರುತ್ತಾರೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ದೇಖಣಿ. ದೇವಸ್ಥಾನದ ನರ್ತಕಿಯೊಬ್ಬಳು ಅಂಬಿಗನ ಮುಂದೆ ನಿಂತು, ಆಚೆ ದಂಡೆಯ ಮದುವೆಗೆ ಹೋಗಬೇಕು, ದಾರಿ ಗೊತ್ತಿಲ್ಲ, ದಾಟಿಸು ಎಂದು ಬೇಡುತ್ತಾಳೆ. ಮೂಗುತಿ ಕೊಡುತ್ತೇನೆ, ಗೆಜ್ಜೆ ಕೊಡುತ್ತೇನೆ ಎನ್ನುತ್ತಾಳೆ. ತಮಾಷೆ ಏನೆಂದರೆ ಈ ಹಾಡು ಹಾಡುವ ದೋಣಿ ಮಾತ್ರ ಯಾರನ್ನೂ ಯಾವ ದಂಡೆಗೂ ದಾಟಿಸುವುದಿಲ್ಲ. ಹೊರಟಲ್ಲಿಗೇ ತಂದು ಇಳಿಸುತ್ತದೆ.

ಹುಬ್ಬಳ್ಳಿ ಹುಡುಗ

ಮೇಷ್ಟ್ರೇ, ಚೆನ್ನಾಗಿ ಬರೆದಿದ್ದೀರಿ. ಆದರೆ ಡಿಜೆಯನ್ನು ಕಂಡರೆ ಎಲ್ಲರೂ ಮೂಗು ಮುರಿಯುವುದು ಏಕೆ? ಗೋವಾಕ್ಕೆ ಬರುವುದೇ ಕುಣಿಯಲು. ಹೋದ ಫೆಬ್ರುವರಿಯಲ್ಲಿ ಕಚೇರಿಯ ಹದಿನಾಲ್ಕು ಜನ ಊಟದ ದೋಣಿಗೆ ಹೋಗಿದ್ದೆವು. ಎಂದೂ ನಗದ ನಮ್ಮ ಲೆಕ್ಕಪತ್ರ ವಿಭಾಗದ ಮುಖ್ಯಸ್ಥರು ಅಂಗಿಯ ತೋಳು ಮಡಚಿ ಕುಣಿದರು. ಮರುದಿನದಿಂದ ನನ್ನ ಪ್ರಯಾಣಭತ್ಯೆಯ ಬಿಲ್ಲುಗಳು ವಾಪಸ್ ಬರುವುದು ನಿಂತಿದೆ. ಇದಕ್ಕಿಂತ ಮನರಂಜನೆ ಬೇಕೇ?

ಸಿರ್ಸಿ ಸೊಸೆ

ಕುಣಿಯುವವರು ಕುಣಿಯಲಿ, ನಾನು ಊಟಕ್ಕೆ ಬರುತ್ತೇನೆ. ಸಸ್ಯಾಹಾರಿಗಳ ಪಾಲಿಗೆ ಅದು ಊಟಕ್ಕಿಲ್ಲದ ಉಪ್ಪಿನಕಾಯಿ.

ನಾವು ಹೋದ ದೋಣಿಯ ಹೆಸರು ಬೇಡ. ಒಂದೇ ಉದ್ದ ಮೇಜು. ಎಡದಿಂದ ಸಸ್ಯಾಹಾರ, ಬಲದಿಂದ ಮೀನು, ಕೋಳಿ. ನಡುವೆ ಅನ್ನದ ಪಾತ್ರೆ ಒಂದೇ. ಚಮಚಗಳು ಆ ಕಡೆಯಿಂದ ಈ ಕಡೆಗೆ ಯಾತ್ರೆ ಹೊರಟಿದ್ದವು. ನಮ್ಮ ಅತ್ತೆ ಎರಡು ಬಾಳೆಹಣ್ಣು ತಿಂದು ಏಕಾದಶಿ ಎಂದುಬಿಟ್ಟರು. ಮೊದಲು ಹಂಚುವ ಕರಿದ ತಿಂಡಿಗಳಲ್ಲಿ ಯಾವುದು ಆಲೂಗಡ್ಡೆ, ಯಾವುದು ಸಿಗಡಿ ಎಂದು ಆ ಬಣ್ಣಬಣ್ಣದ ಬೆಳಕಿನಲ್ಲಿ ತಿಳಿಯುವುದಿಲ್ಲ. ಎಲ್ಲವೂ ನೇರಳೆಯಾಗಿ ಕಾಣುತ್ತವೆ.

ಇನ್ನೊಂದು. ದೋಣಿ ಹೊರಟ ಕೂಡಲೇ ಊಟ ಕೊಡುವುದಿಲ್ಲ. ಕಾರ್ಯಕ್ರಮ ಅರ್ಧವಾದ ಮೇಲೆ ಮೇಜು ತೆರೆಯುತ್ತಾರೆ, ಎಲ್ಲರೂ ಒಟ್ಟಿಗೆ ಎದ್ದು ಸಾಲು ಕಟ್ಟುತ್ತಾರೆ. ಮಕ್ಕಳಿಗೆ ಮೊದಲೇ ಏನಾದರೂ ತಿನ್ನಿಸಿ ಒಯ್ಯಿರಿ. ಸೋಲ್‌ಕಢಿ ಇಟ್ಟಿದ್ದರೆ ಧೈರ್ಯವಾಗಿ ಕುಡಿಯಬಹುದು, ತೆಂಗಿನ ಹಾಲು ಮತ್ತು ಮುರುಗಲು.

ಪುತ್ತೂರಿನವ, ಸದ್ಯ ಪುಣೆ

ಮುರುಗಲು ಎಂದರೆ ನಮ್ಮ ಪುನರ್ಪುಳಿಯೇ ತಾನೇ?

ಸಿರ್ಸಿ ಸೊಸೆ

ಹೌದು. ಹೆಸರು ನಿಮ್ಮದು ಉದ್ದ, ರುಚಿ ನಮ್ಮದು ಹೆಚ್ಚು.

ಪುತ್ತೂರಿನವ, ಸದ್ಯ ಪುಣೆ

ಇದನ್ನು ಇಲ್ಲಿಗೇ ಬಿಡುವ ಮನಸ್ಸಿಲ್ಲ. ಆದರೆ ನರಗುಂದದ ಅಕ್ಕನ ಸಲುವಾಗಿ ಬಿಡುತ್ತಿದ್ದೇನೆ.

ಹಳೆಯ ಸಾರಂಗ

ಇಪ್ಪತ್ತೆರಡು ವರ್ಷ ಇದೇ ನದಿಯಲ್ಲಿ ಅದಿರಿನ ಬಾರ್ಜು ನಡೆಸಿದವನು ನಾನು. ಮನೆ ಅಂಕೋಲಾ, ಬದುಕು ಪಣಜಿಯ ಎದುರು ದಂಡೆಯ ಬೇತಿ. 2012ರಲ್ಲಿ ಗಣಿ ನಿಂತಿತು, ಬಾರ್ಜುಗಳು ದಂಡೆಯಲ್ಲಿ ತುಕ್ಕು ಹಿಡಿದವು. ಆಮೇಲೆ ಕೆಲವು ವರ್ಷ ವಿಹಾರದ ದೋಣಿಯಲ್ಲೂ ಕೆಲಸ ಮಾಡಿದ್ದೇನೆ. ನಿಮ್ಮಲ್ಲಿ ಯಾರೂ ಕೇಳದ ಮೂರು ನಾಲ್ಕು ಸಂಗತಿ ಹೇಳುತ್ತೇನೆ.

ಜನ ದೋಣಿಯನ್ನು ಊಟದ ಪಟ್ಟಿ ನೋಡಿ ಆರಿಸುತ್ತಾರೆ. ಅಟ್ಟ ನೋಡಿ ಆರಿಸಬೇಕು. ಮೇಲಿನ ಡೆಕ್‌ನಲ್ಲಿ ಏನಿದೆ, ಕೆಳಗೆ ಏನಿದೆ, ವೇದಿಕೆ ಎಲ್ಲಿ, ಸ್ಪೀಕರ್‌ಗಳು ಯಾವ ಕಡೆಗೆ ಮುಖ ಮಾಡಿವೆ, ಜನರೇಟರ್ ಹೊಗೆ ಎಲ್ಲಿ ಬಿಡುತ್ತದೆ, ಇಷ್ಟು ಕೇಳಿ. ಹಲವು ದೋಣಿಗಳಲ್ಲಿ ಕುಣಿತ ಮೇಲೆ, ಊಟ ಕೆಳಗೆ. ಅಂದರೆ ನಿಮ್ಮ ತಂದೆ ಬಾಗದ ಮೊಣಕಾಲಿನಲ್ಲಿ ಕಡಿದಾದ ಕಬ್ಬಿಣದ ಏಣಿಯನ್ನು ಎರಡು ಸಲವಾದರೂ ಹತ್ತಿ ಇಳಿಯಬೇಕು, ಅದೂ ದೋಣಿ ಅಲುಗುವಾಗ. ಹಿಂಭಾಗದಲ್ಲಿ ಕುಳಿತರೆ ಡೀಸೆಲ್ ವಾಸನೆ. ಮುಂಭಾಗದ ಅಂಚಿನ ಕುರ್ಚಿ ಹಿಡಿಯಿರಿ, ಮುಖಕ್ಕೆ ಗಾಳಿ, ಬೆನ್ನಿಗೆ ಸದ್ದು.

ಎರಡನೆಯದು ನೀರಿನ ಮಟ್ಟ. ಇಲ್ಲಿ ಉಬ್ಬರಕ್ಕೂ ಇಳಿತಕ್ಕೂ ಸುಮಾರು ಆರು ಗಂಟೆಯ ಅಂತರ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ನೀರು ಇಳಿದಾಗ ಧಕ್ಕೆಯಿಂದ ದೋಣಿಗೆ ಹಾಕುವ ಹಲಗೆ ಕೆಳಮುಖವಾಗಿ ಜಾರುತ್ತದೆ. ಉಬ್ಬರದಲ್ಲಿ ಅದೇ ಹಲಗೆ ಹೆಚ್ಚುಕಡಿಮೆ ಸಮ. ಹಿರಿಯರಿದ್ದರೆ ಆ ದಿನದ ಉಬ್ಬರದ ವೇಳೆಯನ್ನು ಮೊಬೈಲ್‌ನಲ್ಲಿ ನೋಡಿಕೊಂಡು ದೋಣಿ ಗೊತ್ತುಮಾಡಿ.

ಮೂರನೆಯದು, ರಾತ್ರಿ ನದಿ ಕಾಣುವುದಿಲ್ಲ. ಬರೀ ಕ್ಯಾಸಿನೋಗಳ ಬಣ್ಣದ ದೀಪ ಕಾಣುತ್ತದೆ. ಸೂರ್ಯಾಸ್ತದ ದೋಣಿ ಪಶ್ಚಿಮಕ್ಕೆ ಅಳಿವೆಯ ಕಡೆ ಹೋಗುತ್ತದೆ. ಎಡಕ್ಕೆ ಪಣಜಿ, ಆದಿಲ್ ಶಾಹನ ಹಳೆಯ ಅರಮನೆ, ಮುಂದೆ ಮಿರಾಮಾರ್. ಬಲಕ್ಕೆ ರೀಸ್ ಮಾಗೋಸ್ ಕೋಟೆ. ಎದುರಿಗೆ ಸೂರ್ಯ. ಡಿಸೆಂಬರ್ ಕೊನೆಯಲ್ಲಿ ಆರೂಕಾಲರ ಒಳಗೆ ಮುಳುಗಿಬಿಡುತ್ತಾನೆ, ತಡ ಮಾಡಿದರೆ ಕಾಯುವುದಿಲ್ಲ.

ಹುಬ್ಬಳ್ಳಿ ಹುಡುಗ

ಸಾರಂಗರಿಗೆ ದೊಡ್ಡ ನಮಸ್ಕಾರ. ಆದರೆ ಅಣ್ಣನ ಮಕ್ಕಳ ಕಡೆಯೂ ಸ್ವಲ್ಪ ನೋಡಿ. ಮಕ್ಕಳಿಗೆ ಕೋಟೆ ಬೇಡ, ಡಿಜೆ ಬೇಕು.

ಧಾರವಾಡದ ಗೃಹಿಣಿ

ರಾತ್ರಿ ಹತ್ತರ ನಂತರ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, 2000ದ ಶಬ್ದಮಾಲಿನ್ಯ ನಿಯಮದಲ್ಲಿಯೇ ಇದೆ. ಆದ್ದರಿಂದ ತಡವಾಗಿ ಹೊರಡುವ ದೋಣಿಯಲ್ಲಿ ಕುಣಿತದ ಪಾಲು ಕಡಿಮೆಯಾಗಬೇಕು. ಹಣ ಕೊಡುವ ಮೊದಲು ಯಾವ ವೇಳೆಗೆ ಏನು ಎಂದು ಕೇಳಿ. ನಮಗೆ ಮೂರು ನೃತ್ಯ ಎಂದು ಹೇಳಿ ಒಂದೇ ತೋರಿಸಿದರು. ಉಳಿದ ಹೊತ್ತು ಯಾರದೋ ಹುಟ್ಟುಹಬ್ಬದ ಕೇಕು ಕತ್ತರಿಸುವುದನ್ನು ನೋಡಿ ಚಪ್ಪಾಳೆ ತಟ್ಟಿದೆವು. ನಮಗೆ ಕೇಕೂ ಕೊಡಲಿಲ್ಲ.

ಕಾರವಾರದ ಮೀನು

ಕೇಕು ಕೊಟ್ಟಿದ್ದರೆ ಅದರಲ್ಲಿ ಮೊಟ್ಟೆ ಇರುತ್ತಿತ್ತು. ಒಳ್ಳೆಯದೇ ಆಯಿತು.

ಘಾಟ್ಕೋಪರ್ ಗೌಡ

ಮುಂಬಯಿಯಿಂದ ಒಂದು ಮಾತು. ಊಟ, ಹಾಡು, ಸದ್ದು ಎಲ್ಲಕ್ಕಿಂತ ಮೊದಲು ಲೈಫ್ ಜಾಕೆಟ್ ಎಲ್ಲಿದೆ ನೋಡಿ. 2024ರ ಡಿಸೆಂಬರ್ 18ರಂದು ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟ ದೋಣಿಗೆ ನೌಕಾಪಡೆಯ ಸ್ಪೀಡ್‌ಬೋಟ್ ಬಡಿದು ಹದಿಮೂರಕ್ಕೂ ಹೆಚ್ಚು ಜನ ಸತ್ತರು. ಅದಾದ ಮೇಲೆ ನಮ್ಮಲ್ಲಿ ಜಾಕೆಟ್ ತೊಡದೆ ಕುಳಿತರೆ ಸಿಬ್ಬಂದಿ ಬಂದು ಗದರುತ್ತಾರೆ. ಅದಕ್ಕೂ ಮೊದಲು ಎಷ್ಟೋ ವರ್ಷ ಜಾಕೆಟ್‌ಗಳನ್ನು ಛಾವಣಿಗೆ ಕಟ್ಟಿಡುತ್ತಿದ್ದರು. ಗಂಟು ಬಿಚ್ಚುವಷ್ಟರಲ್ಲಿ ಕಥೆ ಮುಗಿದಿರುತ್ತದೆ.

ಹಳೆಯ ಸಾರಂಗ

ಗೌಡರ ಮಾತು ನೂರಕ್ಕೆ ನೂರು ನಿಜ. ಎಷ್ಟು ಪ್ರಯಾಣಿಕರಿಗೆ ಅನುಮತಿ ಇದೆ ಎಂದು ದೋಣಿಯ ಮೇಲೆ ಬರೆದಿರುತ್ತದೆ. ಇಲ್ಲಿ ಅದನ್ನು ನೋಡಿಕೊಳ್ಳುವುದು ಬಂದರು ಕಪ್ತಾನರ ಇಲಾಖೆ. ಡಿಸೆಂಬರ್ 24ರಿಂದ ಹೊಸ ವರ್ಷದವರೆಗೆ ಪಣಜಿಯ ಧಕ್ಕೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ದಿನ ನಿಮ್ಮ ಕೈಯಲ್ಲಿದ್ದರೆ ಜನವರಿ ಮೊದಲ ವಾರ ದಾಟಲಿ.

ನರಗುಂದದ ಮಗಳು

ಇಷ್ಟು ಉತ್ತರ ಬರುತ್ತದೆಂದು ಎಣಿಸಿರಲಿಲ್ಲ. ಸಾರಂಗ ಕಾಕಾ, ನಿಮ್ಮ ಮಾತನ್ನು ಗಂಡನಿಗೆ ಓದಿ ಹೇಳಿದೆ. “ಇವರನ್ನೇ ಮನೆಗೆ ಕರೆ, ದೋಣಿ ಬೇಡ” ಎಂದರು.

ಅಪ್ಪನಿಗೆ ಫೋನಿನಲ್ಲಿ ವಿಷಯ ತಿಳಿಸಿದೆ. ಊಟದ ಬಗ್ಗೆ ಕೇಳಲಿಲ್ಲ, ಹಾಡಿನ ಬಗ್ಗೆಯೂ ಕೇಳಲಿಲ್ಲ. “ಅದು ಮಹದಾಯಿಯೇ ಹೌದಲ್ಲ?” ಎಂದು ಕೇಳಿದ. ಹೌದು, ಇಲ್ಲಿ ಮಾಂಡವಿ ಎನ್ನುತ್ತಾರೆ ಎಂದೆ. “ಎಲ್ಲಿ ಸಮುದ್ರ ಸೇರುತ್ತದೆ, ಅಲ್ಲಿಗೆ ದೋಣಿ ಹೋಗುತ್ತದೆಯೇ?” ಎಂದ. ನಮ್ಮ ಅಪ್ಪ 1980ರ ಜುಲೈ 21ರಂದು ನರಗುಂದದ ರೈತರ ಗುಂಪಿನಲ್ಲಿದ್ದವನು. ಗೋಲಿಬಾರು ಕಣ್ಣಾರೆ ಕಂಡವನು. 2015ರಲ್ಲಿ ಮಹದಾಯಿ ನೀರನ್ನು ಮಲಪ್ರಭೆಗೆ ತಿರುಗಿಸಿ ಎಂಬ ಕಳಸಾ ಬಂಡೂರಿ ಧರಣಿ ಶುರುವಾದಾಗ ಬೆಳಿಗ್ಗೆ ರೊಟ್ಟಿ ಕಟ್ಟಿಸಿಕೊಂಡು ಪೆಂಡಾಲಿಗೆ ಹೋಗಿ ಸಂಜೆ ಬರುತ್ತಿದ್ದ. ಆದರೆ ಆ ನದಿಯನ್ನು ಒಮ್ಮೆಯೂ ನೋಡಿಲ್ಲ. ನನಗೆ ಇದು ಹೊಳೆದೇ ಇರಲಿಲ್ಲ. ಹನ್ನೊಂದು ವರ್ಷದಲ್ಲಿ ನಾಲ್ಕು ಸಲ ಬಂದಿದ್ದಾನೆ, ಪ್ರತಿಸಲ ಮಂಗೇಶಿ ಗುಡಿಗೆ ಕರೆದೊಯ್ದು ಕಳಿಸಿದ್ದೇನೆ.

ಮಾಂಡವಿ ದಂಡೆ

ಅಕ್ಕ, ತಪ್ಪು ತಿಳಿಯಬೇಡಿ. ನಾನು ಇಲ್ಲಿಯೇ ಹುಟ್ಟಿ ಬೆಳೆದ ಕನ್ನಡದವನು. ಈ ನದಿ ಗೋವಾದವರಿಗೆ ತಾಯಿ. ದೋಣಿಯಲ್ಲಿ ಕುಳಿತು ಮಹದಾಯಿ ನಮ್ಮದು ಎಂದು ಗಟ್ಟಿಯಾಗಿ ಮಾತಾಡಿದರೆ ಪಕ್ಕದವರು ಸುಮ್ಮನಿರುವುದಿಲ್ಲ.

ಬೈಲಹೊಂಗಲ ಬಸಣ್ಣ

ಹುಟ್ಟುವುದು ಖಾನಾಪುರ ತಾಲ್ಲೂಕಿನ ದೇಗಾಂವ್ ಬಳಿ. ಹುಟ್ಟಿಸಿದವರು ಹೆಸರಿಡಬಾರದೇ? ನ್ಯಾಯಮಂಡಳಿಯೇ 2018ರಲ್ಲಿ 13.42 ಟಿಎಂಸಿ ನಮಗೆ ಎಂದಿದೆ. ಒಂದು ಹನಿಯಾದರೂ ಮಲಪ್ರಭೆಗೆ ಬಂತೇ?

ಮಾಂಡವಿ ದಂಡೆ

ಬಸಣ್ಣ, ಆ ತೀರ್ಪನ್ನು ಪೂರ್ತಿ ಓದಿ. ಅದರಲ್ಲಿ ದೊಡ್ಡ ಪಾಲು ವಿದ್ಯುತ್ತಿಗೆ. ನೀರು ಮೇಲೆಯೇ ತಿರುಗಿದರೆ ಇಲ್ಲಿ ಉಪ್ಪು ಒಳನಾಡಿಗೆ ಏರುತ್ತದೆ. ಉಪ್ಪುನೀರು ತಡೆಯಲು ಬದು ಕಟ್ಟಿಕೊಂಡ ಖಾಜಣ ಗದ್ದೆಯವರ ಪಾಡೇನು? ಅವರೂ ನಿಮ್ಮಂತೆ ರೈತರೇ.

ಬೈಲಹೊಂಗಲ ಬಸಣ್ಣ

ಕುಡಿಯಲು ನೀರು ಕೇಳಿದವನಿಗೆ ಉಪ್ಪಿನ ಪಾಠ ಹೇಳಬೇಡಿ.

ನಿರ್ವಾಹಕರು

ನದಿ ವಿವಾದಕ್ಕೆ ಬೇರೆ ಎಳೆ ಇದೆ, ಅಲ್ಲಿ ಈಗಾಗಲೇ ಆರುನೂರು ಉತ್ತರಗಳಿವೆ. ಇಬ್ಬರೂ ಅಲ್ಲಿಗೆ ನಡೆಯಿರಿ. ಇಲ್ಲಿ ದೋಣಿ, ಊಟ, ಡಿಜೆ ಮಾತ್ರ.

ಹುಬ್ಬಳ್ಳಿ ಹುಡುಗ

ಡಿಜೆ ಎಂದು ಬಾಯಿಬಿಟ್ಟು ಹೇಳಿದ ನಿರ್ವಾಹಕರಿಗೆ ಜಯವಾಗಲಿ.

ಪಣಜಿ ಪರದೇಶಿ

ಅಕ್ಕ, ನಿಮ್ಮ ತಂದೆಯ ಕಥೆ ಓದಿದ ಮೇಲೆ ನನ್ನ ಸಲಹೆ ಬದಲಾಯಿತು. ಅವರಿಗೆ ನದಿ ತೋರಿಸಬೇಕಾದರೆ ಟಿಕೆಟ್ಟೇ ಬೇಡ. ಪಣಜಿ ಬೇತಿ ನಡುವೆ ಸರ್ಕಾರದ ಫೆರಿ ಓಡಾಡುತ್ತದೆ, ನಡೆದು ಹತ್ತುವವರಿಗೆ ಹಣವಿಲ್ಲ. ಮೆಟ್ಟಿಲೂ ಇಲ್ಲ, ಇಳಿಜಾರಿನಲ್ಲಿ ನಡೆದು ಒಳಗೆ ಹೋಗುವುದು, ಸ್ಕೂಟರುಗಳೂ ಹಾಗೆಯೇ ಬರುತ್ತವೆ. ನೀರು ಕೈಗೆ ಎಟಕುವಷ್ಟು ಹತ್ತಿರ. ಮನರಂಜನೆ ಬೇಕಾದರೆ ಮೀನಿನ ಬುಟ್ಟಿ ಹೊತ್ತ ಹೆಂಗಸರು ಮಾತಾಡುವುದನ್ನು ಕೇಳಿ. ಯಾವ ಡಿಜೆಯೂ ಸರಿಗಟ್ಟಲಾರ.

ಹಳೆಯ ಸಾರಂಗ

ಆ ಫೆರಿಯನ್ನು ಯಾರೂ ನೆನೆಯುವುದಿಲ್ಲ ಎಂದುಕೊಂಡಿದ್ದೆ. 1986ರ ಜುಲೈನಲ್ಲಿ ಮಾಂಡವಿಯ ಹಳೆಯ ಸೇತುವೆ ಕುಸಿದು ಬಿತ್ತು. ಇನ್ನೊಂದು ಸೇತುವೆ ಆಗುವವರೆಗೆ ವರ್ಷಗಟ್ಟಲೆ ಉತ್ತರ ಗೋವಾದ ಜನ, ತರಕಾರಿ, ಮದುವೆ ದಿಬ್ಬಣ, ಹೆರಿಗೆಗೆ ಹೊರಟವರು ಎಲ್ಲರಿಗೂ ಫೆರಿಯೇ ಗತಿ. ನಾನು ಆಗ ಹೊಸದಾಗಿ ಖಲಾಸಿಯಾಗಿ ಬಂದಿದ್ದೆ. ಮಳೆಯಲ್ಲಿ ಸಾಲು ಮಾರುಕಟ್ಟೆಯವರೆಗೆ ನಿಂತಿರುತ್ತಿತ್ತು. ಈಗ 2019ರಿಂದ ಅಟಲ್ ಸೇತು ಬೇರೆ ಬಂದಿದೆ, ಮೂರು ಸೇತುವೆ ಅಕ್ಕಪಕ್ಕ ನಿಂತಿವೆ, ಕಾರಿನವರು ಕೆಳಗೆ ನೋಡುವುದೇ ಇಲ್ಲ.

ಮಡಗಾಂವ್ ಮೇಷ್ಟ್ರು

ಅಂದರೆ ದೇಖಣಿಯ ಆ ಹುಡುಗಿ ಮೂಗುತಿ ಕೊಡುವ ಬದಲು ಬೇತಿ ಫೆರಿ ಹತ್ತಬಹುದಿತ್ತು.

ಸಿರ್ಸಿ ಸೊಸೆ

ಮೇಷ್ಟ್ರೇ 😀 ಅಕ್ಕ, ಊಟವನ್ನು ದಡದಲ್ಲೇ ಇಟ್ಟುಕೊಳ್ಳಿ. ಪಣಜಿಯಲ್ಲಿ ಶುದ್ಧ ಸಸ್ಯಾಹಾರದ ಹಳೆಯ ಹೋಟೆಲುಗಳಿವೆ, ಉಡುಪಿಯವರದ್ದೂ ಇವೆ. ಬಿಸಿ ಬಿಸಿ ಪೂರಿ ಭಾಜಿ, ಬನ್ಸ್ ಸಿಗುತ್ತದೆ. ಐವತ್ತನೆಯ ವಾರ್ಷಿಕೋತ್ಸವದ ದಿನ ಅವ್ವ ಬಾಳೆಹಣ್ಣು ತಿಂದು ಮಲಗಬಾರದು.

ಧಾರವಾಡದ ಗೃಹಿಣಿ

ಆದರೆ ಅಣ್ಣನನ್ನು ಒಪ್ಪಿಸುವುದು ಹೇಗೆ? ಅವನಿಗೆ ಊಟದ ದೋಣಿಯೇ ಬೇಕಲ್ಲ. ಇಂಥ ಅಣ್ಣಂದಿರು ನಮ್ಮ ಮನೆಯಲ್ಲೂ ಇದ್ದಾರೆ. ಹಣ ನಾನು ಕೊಡುತ್ತೇನೆ ಎಂದು ಹೇಳಿ ಬಾಯಿ ಮುಚ್ಚಿಸುತ್ತಾರೆ, ಕೊನೆಗೆ ಪಾಕೀಟು ಮನೆಯಲ್ಲಿ ಮರೆತು ಬಂದಿರುತ್ತಾರೆ.

ನರಗುಂದದ ಮಗಳು

ಅಣ್ಣನೂ ಈ ಎಳೆ ಓದುತ್ತಿದ್ದಾನೆ. ಪಾಕೀಟಿನ ಮಾತು ಯಾರು ಹೇಳಿದರು ಎಂದು ಕೇಳುತ್ತಿದ್ದಾನೆ.

ತೀರ್ಮಾನ ಹೀಗೆ: ಜನವರಿ ಎರಡನೆಯ ವಾರ, ಸೂರ್ಯಾಸ್ತದ ಒಂದು ಗಂಟೆಯ ದೋಣಿ, ಊಟ ದಡದಲ್ಲಿ. ಅದಕ್ಕೂ ಮೊದಲು ಫೆರಿ. ಹೋಗಿ ಬಂದು ಬರೆಯುತ್ತೇನೆ.

ಕಾರವಾರದ ಮೀನು

ಹೋಗಿ ಬಂದು ಬರೆಯುತ್ತೇನೆ ಎಂದವರು ಯಾರೂ ಇವತ್ತಿನವರೆಗೆ ಬರೆದಿಲ್ಲ. ಈ ವೇದಿಕೆಯ ಶಾಪ.

ನರಗುಂದದ ಮಗಳು

*(ಮೂರು ವಾರದ ನಂತರ)*

ಮೀನಣ್ಣ, ಬರೆಯುತ್ತಿದ್ದೇನೆ.

ಸಂಜೆ ನಾಲ್ಕೂವರೆಗೆ ಪಣಜಿ ಮುಟ್ಟಿದೆವು. ವಾಹನ ನಿಲ್ಲಿಸಲು ಇಪ್ಪತ್ತು ನಿಮಿಷ ಹಿಡಿಯಿತು, ಅದನ್ನು ಯಾರೂ ಎಚ್ಚರಿಸಿರಲಿಲ್ಲ. ಫೆರಿಗೆ ಸಮಯ ಉಳಿಯಲಿಲ್ಲ, ನೇರ ದೋಣಿಗೆ ಹೋದೆವು. ಉಬ್ಬರದ ವೇಳೆ ನೋಡಿಕೊಂಡೇ ದಿನ ಆರಿಸಿದ್ದೆ, ಹಲಗೆ ಸಮವಾಗಿತ್ತು. ಅಪ್ಪ ಯಾರ ಕೈಯನ್ನೂ ಹಿಡಿಯದೆ ನಡೆದ. ಮುಂದಿನ ಅಂಚಿನ ಕುರ್ಚಿಗಾಗಿ ಗುಜರಾತಿನ ಒಂದು ದೊಡ್ಡ ಕುಟುಂಬದೊಂದಿಗೆ ನಗುನಗುತ್ತಲೇ ಪೈಪೋಟಿ ನಡೆಯಿತು, ಎರಡು ಕುರ್ಚಿ ಗೆದ್ದೆವು.

ಮೇಷ್ಟ್ರು ಹೇಳಿದ ಸರದಿಯಲ್ಲಿ ಒಂದಕ್ಷರ ತಪ್ಪಲಿಲ್ಲ. ಅಣ್ಣನ ಮಕ್ಕಳು ವೇದಿಕೆಯಿಂದ ಇಳಿಯಲೇ ಇಲ್ಲ, ಗಂಡಸರ ಸರದಿಯಲ್ಲೂ ಕುಣಿದರು. ದಂಪತಿಗಳ ಸರದಿಯಲ್ಲಿ ಐವತ್ತು ವರ್ಷದ ಜೋಡಿ ಇದೆ ಎಂದು ಅಣ್ಣ ಡಿಜೆಯ ಕಿವಿಯಲ್ಲಿ ಹೇಳಿದ. ಅವನು ಮೈಕಿನಲ್ಲಿ ಕೂಗಿದ. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು “ಇಲ್ಲಿಂದ ನೀರಿಗೆ ಹಾರಿಬಿಡುತ್ತೇನೆ” ಎಂದಳು. ಅಪ್ಪನಿಗೆ ಏನೂ ಕೇಳಿಸಲಿಲ್ಲ. ಯಂತ್ರ ಆಗಲೇ ಜೇಬಿಗೆ ಹೋಗಿತ್ತು. ಅವನು ಬೆನ್ನು ತಿರುಗಿಸಿ ಅಳಿವೆಯ ಕಡೆ ನೋಡುತ್ತ ನಿಂತಿದ್ದ. ದೋಣಿ ಸಮುದ್ರದವರೆಗೆ ಹೋಗದೆ ಹಿಂದಕ್ಕೆ ತಿರುಗಿತಲ್ಲ, ಆಗ ಮಾತ್ರ ನನ್ನ ಕಡೆ ನೋಡಿ “ಇಷ್ಟೇನಾ?” ಎಂದ.

ಅದಕ್ಕೇ ಊಟಕ್ಕೆ ಮೊದಲು ಫೆರಿ ಹತ್ತಿಸಿದೆ. ಉಳಿದವರು ಹೋಟೆಲಿಗೆ ನಡೆದರು, ನಾನು ಮತ್ತು ಅಪ್ಪ ಇಬ್ಬರೇ. ಕತ್ತಲಾಗಿತ್ತು. ಕೆಲಸ ಮುಗಿಸಿ ಮನೆಗೆ ಹೊರಟವರು, ಸ್ಕೂಟರುಗಳು, ಒಬ್ಬಾಕೆಯ ಚೀಲದಲ್ಲಿ ಕೊತ್ತಂಬರಿ. ಅಪ್ಪ ಯಂತ್ರ ತೆಗೆದು ಕಿವಿಗೆ ಹಾಕಿಕೊಂಡ. ಬೇತಿಯಲ್ಲಿ ಎಲ್ಲರೂ ಇಳಿದು ಹೋದ ಮೇಲೆ ಇಳಿಜಾರಿನ ಅಂಚಿನಲ್ಲಿ, ನನ್ನ ಭುಜ ಹಿಡಿದು, ಒಂದೇ ಕಾಲು ಬಾಗಿಸಿ, ನೀರಿಗೆ ಕೈ ಅದ್ದಿದ. ಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಂಡ. ತಕ್ಷಣ ಉಗುಳಿದ.

“ಉಪ್ಪು.”

ಸಮುದ್ರ ಹತ್ತಿರವಿದೆಯಲ್ಲ ಅಪ್ಪ, ಉಬ್ಬರದ ನೀರು ಎಂದೆ. ಫೆರಿಯ ಖಲಾಸಿ ನಮ್ಮನ್ನೇ ನೋಡುತ್ತಿದ್ದ. ಸಿಹಿ ನೀರು ಎಲ್ಲಿಂದ ಶುರುವಾಗುತ್ತದೆ ಎಂದು ಅಪ್ಪ ಕನ್ನಡದಲ್ಲೇ ಅವನನ್ನು ಕೇಳಿದ, ನಾನು ಕೊಂಕಣಿಯಲ್ಲಿ ತಿರುಗಿಸಿ ಹೇಳಿದೆ. ಬೇಸಿಗೆಯಲ್ಲಾದರೆ ಬಹಳ ಮೇಲೆ ಹೋಗಬೇಕು, ಮಳೆಗಾಲದಲ್ಲಿ ಇಲ್ಲಿಯೇ ನಿಂತು ಬೊಗಸೆಯಲ್ಲಿ ತೆಗೆದರೂ ಉಪ್ಪಿರುವುದಿಲ್ಲ, ಮಣ್ಣಿನ ಬಣ್ಣವಿರುತ್ತದೆ ಎಂದ ಅವನು.

“ಹಾಗಾದರೆ ಶ್ರಾವಣದಲ್ಲಿ ಬರುತ್ತೇನೆ” ಎಂದ ಅಪ್ಪ. ಖಲಾಸಿಗೆ ಕೈ ಮುಗಿದು ಬಂದ.

ಸಾರಂಗ ಕಾಕಾ, ಮಳೆಗಾಲದಲ್ಲಿ ದೋಣಿ ಇರುತ್ತದೆಯೇ? ನಿಜಕ್ಕೂ ಬರುತ್ತಾನೆ ಅವನು, ನನಗೆ ಗೊತ್ತು.

ಹಳೆಯ ಸಾರಂಗ

ವಿಹಾರದ ದೋಣಿ ಹವಾಮಾನ ನೋಡಿಕೊಂಡು ನದಿಯ ಒಳಗೇ ಓಡುತ್ತದೆ, ಗಾಳಿ ಜೋರಿದ್ದರೆ ನಿಲ್ಲಿಸುತ್ತಾರೆ. ಫೆರಿಯನ್ನೇ ನಂಬಿ. ಶ್ರಾವಣದಲ್ಲಿ ಆ ಇಳಿಜಾರು ಪಾಚಿ ಕಟ್ಟಿ ಜಾರುತ್ತದೆ. ಬರುವ ಹಿಂದಿನ ದಿನ ಇಲ್ಲಿ ಒಂದು ಸಾಲು ಬರೆಯಿರಿ. ನನ್ನ ಮನೆ ಆ ಧಕ್ಕೆಯಿಂದ ಕೂಗಿದರೆ ಕೇಳುವಷ್ಟು ದೂರ. ತಂಬಿಗೆಯಲ್ಲಿ ನೀರು ತುಂಬಿಕೊಡುತ್ತೇನೆ, ಅವರು ಬಗ್ಗುವುದು ಬೇಡ.

ಸಿರ್ಸಿ ಸೊಸೆ

ಎಲ್ಲ ಸರಿ. ಅವ್ವ ಏನು ತಿಂದರು?

ನರಗುಂದದ ಮಗಳು

ಎರಡು ಬನ್ಸ್, ಒಂದು ಮಸಾಲೆ ದೋಸೆ. ಬಿಲ್ಲು ಬಂದಾಗ ಅಣ್ಣ ಜೇಬು ತಡವಿದ. ಪಾಕೀಟು ಫೋಂಡಾದಲ್ಲಿತ್ತು.